ನೆದರ್‌ಲ್ಯಾಂಡ್ಸ್‌ನ ಅಂತರರಾಷ್ಟ್ರೀಯ ಜಲ ಸಹಕಾರ

ನೆದರ್‌ಲ್ಯಾಂಡ್ಸ್‌ನ ಅಂತರರಾಷ್ಟ್ರೀಯ ಜಲ ಸಹಕಾರ ಎಂಬುದು ಪ್ರವಾಹ ನಿಯಂತ್ರಣ, ಕುಡಿಯುವ ನೀರಿನ ಪೂರೈಕೆ ಮತ್ತು ತ್ಯಾಜ್ಯನೀರಿನ ಶುದ್ಧೀಕರಣದಲ್ಲಿ ಆ ದೇಶವು ಗಳಿಸಿರುವ ಪರಿಣತಿಯನ್ನು ಇತರ ದೇಶಗಳೊಂದಿಗೆ ಹಂಚಿಕೊಳ್ಳುವ ಸರ್ಕಾರಿ, ಶೈಕ್ಷಣಿಕ ಮತ್ತು ವಾಣಿಜ್ಯ ಚಟುವಟಿಕೆಗಳ ಒಟ್ಟು ರೂಪ. ಇದರಲ್ಲಿ ಡಚ್ ವಿದೇಶಾಂಗ ಸಚಿವಾಲಯ, ಮೂಲಸೌಕರ್ಯ ಮತ್ತು ಜಲ ನಿರ್ವಹಣಾ ಸಚಿವಾಲಯ, ಪ್ರಾದೇಶಿಕ ಜಲಮಂಡಳಿಗಳು, ಸಾರ್ವಜನಿಕ ಒಡೆತನದ ಕುಡಿಯುವ ನೀರಿನ ಕಂಪನಿಗಳು, ಡೆಲ್ಫ್ಟ್ ಮತ್ತು ವಾಗನಿಂಗನ್ ವಿಶ್ವವಿದ್ಯಾಲಯಗಳು ಹಾಗೂ ಸಲಹಾ ಎಂಜಿನಿಯರಿಂಗ್ ಸಂಸ್ಥೆಗಳು ಪಾಲ್ಗೊಳ್ಳುತ್ತವೆ. ಜಪಾನ್, ಬಾಂಗ್ಲಾದೇಶ, ವಿಯೆಟ್ನಾಂ, ಇಂಡೋನೇಷ್ಯಾ, ಮೊಜಾಂಬಿಕ್, ಘಾನಾ, ಕೊಲಂಬಿಯಾ ಮತ್ತು ಭಾರತ ಈ ಸಹಕಾರವನ್ನು ಪಡೆದ ದೇಶಗಳಲ್ಲಿ ಕೆಲವು. ಕಾನ್ಪುರದ ಕೊಳಚೆ ನೀರಿನ ಶುದ್ಧೀಕರಣ ಘಟಕಗಳು ಮತ್ತು ಕರ್ನಾಟಕದ ಗಂಗಾವತಿಯಲ್ಲಿ ನಡೆದ ಸವಳು-ಜವಳು ಭೂಮಿ ಸಂಶೋಧನೆಗೂ ಇದರೊಂದಿಗೆ ನೇರ ಸಂಬಂಧವಿದೆ.

ಹಿನ್ನೆಲೆ

ನೆದರ್‌ಲ್ಯಾಂಡ್ಸ್‌ನ ಸುಮಾರು ಕಾಲು ಭಾಗದಷ್ಟು ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ. ರೈನ್, ಮ್ಯೂಸ್ ಮತ್ತು ಸ್ಖೆಲ್ಟ್ ನದಿಗಳ ಮುಖಜಭೂಮಿಯಲ್ಲಿರುವ ಈ ದೇಶದಲ್ಲಿ ಏರಿಗಳನ್ನು ಕಟ್ಟಿ, ಒಳಗಿನ ನೀರನ್ನು ಹೊರಕ್ಕೆ ಎತ್ತಿ ಹಾಕಿ ಪಡೆದ ಭೂಮಿಯನ್ನು ಪೋಲ್ಡರ್ ಎನ್ನುತ್ತಾರೆ. ಏರಿಯ ಯಾವುದೋ ಒಂದು ಭಾಗ ಕುಸಿದರೆ ಇಡೀ ಪ್ರದೇಶವೇ ಮುಳುಗುವುದರಿಂದ ಅದರ ರಕ್ಷಣೆ ಎಲ್ಲರ ಹೊಣೆಯಾಯಿತು. ಇದರ ಫಲವಾಗಿ 12 ಮತ್ತು 13ನೆಯ ಶತಮಾನಗಳಿಂದಲೇ ವಾಟರ್‌ಸ್ಖಾಪ್ ಎಂಬ ಪ್ರಾದೇಶಿಕ ಜಲಮಂಡಳಿಗಳು ರೂಪುಗೊಂಡವು. ಇವು ಕರ್ನಾಟಕದಲ್ಲಿ ಜಲಮಂಡಳಿ ಎಂದು ಕರೆಯಲಾಗುವ ನಗರ ನೀರು ಪೂರೈಕೆ ಸಂಸ್ಥೆಗಳಿಗಿಂತ ಭಿನ್ನ. ಡಚ್ ಜಲಮಂಡಳಿಗಳಿಗೆ ಪ್ರತ್ಯೇಕ ಚುನಾವಣೆ ನಡೆಯುತ್ತದೆ, ತಮ್ಮದೇ ತೆರಿಗೆ ವಿಧಿಸುವ ಅಧಿಕಾರವೂ ಇದೆ. ಏರಿಗಳ ರಕ್ಷಣೆ, ನೀರಿನ ಮಟ್ಟದ ನಿಯಂತ್ರಣ ಮತ್ತು ತ್ಯಾಜ್ಯನೀರಿನ ಶುದ್ಧೀಕರಣ ಅವುಗಳ ಮುಖ್ಯ ಕಾರ್ಯಗಳು. 1950ರ ಸುಮಾರಿಗೆ 2,500ಕ್ಕೂ ಹೆಚ್ಚಿದ್ದ ಜಲಮಂಡಳಿಗಳು ವಿಲೀನಗೊಳ್ಳುತ್ತ ಬಂದು ಈಗ 21 ಉಳಿದಿವೆ. ರಾಷ್ಟ್ರೀಯ ಮಟ್ಟದಲ್ಲಿ ನದಿ, ಕಡಲತೀರ ಮತ್ತು ಜಲಮಾರ್ಗಗಳನ್ನು ನೋಡಿಕೊಳ್ಳುವ ರೈಕ್ಸ್‌ವಾಟರ್‌ಸ್ಟಾಟ್ ಇಲಾಖೆ 1798ರಲ್ಲಿ ಸ್ಥಾಪನೆಯಾಯಿತು.

1953ರ ಜನವರಿ 31ರ ರಾತ್ರಿ ಬೀಸಿದ ಚಂಡಮಾರುತದಿಂದ ನೈಋತ್ಯ ಭಾಗದ ಏರಿಗಳು ಒಡೆದು, ನೆದರ್‌ಲ್ಯಾಂಡ್ಸ್ ಒಂದರಲ್ಲೇ 1,836 ಜನರು ಮೃತಪಟ್ಟರು. ಇದರ ನಂತರ ಕೈಗೊಂಡ ಡೆಲ್ಟಾ ಕಾಮಗಾರಿಗಳು 1997ರಲ್ಲಿ ರೋಟರ್‌ಡ್ಯಾಮ್ ಬಳಿಯ ಮಾಸ್ಲಾಂಟ್ ಚಲಿಸುವ ತಡೆಗೋಡೆಯ ನಿರ್ಮಾಣದವರೆಗೆ ನಡೆದವು. ಇಂದು ವಿದೇಶಗಳಲ್ಲಿ ಡಚ್ ಎಂಜಿನಿಯರಿಂಗ್‌ಗೆ ಇರುವ ಹೆಸರಿಗೆ ಈ ಕಾಮಗಾರಿಗಳೇ ಬಹುಮಟ್ಟಿಗೆ ಕಾರಣ.

ನೀರಿನ ಗುಣಮಟ್ಟದ ಕಡೆಗೆ ಗಮನ ಹರಿದದ್ದು ತಡವಾಗಿ. 1970ರಲ್ಲಿ ಜಾರಿಗೆ ಬಂದ ಮೇಲ್ಮೈ ಜಲಮಾಲಿನ್ಯ ಕಾಯಿದೆಯು ಮಾಲಿನ್ಯ ಮಾಡಿದವರೇ ಅದರ ವೆಚ್ಚ ಭರಿಸಬೇಕೆಂಬ ತತ್ತ್ವವನ್ನು ಆಧರಿಸಿತ್ತು. ಮನೆಗಳಿಂದಲೂ ಕಾರ್ಖಾನೆಗಳಿಂದಲೂ ಸಂಗ್ರಹವಾದ ಶುಲ್ಕದಿಂದ ದೇಶದಾದ್ಯಂತ ಶುದ್ಧೀಕರಣ ಘಟಕಗಳು ನಿರ್ಮಾಣವಾದವು. ಕಾರ್ಖಾನೆಗಳಿಗೆ ಮಲಿನ ನೀರನ್ನು ಹೊರಬಿಡುವುದೇ ದುಬಾರಿಯಾದ್ದರಿಂದ ಕಡಿಮೆ ಖರ್ಚಿನ ಶುದ್ಧೀಕರಣ ವಿಧಾನಗಳ ಶೋಧನೆಗೆ ಉತ್ತೇಜನ ದೊರೆಯಿತು. ಕುಡಿಯುವ ನೀರಿನ ಕಂಪನಿಗಳು ಸಾರ್ವಜನಿಕ ಒಡೆತನದಲ್ಲೇ ಇರಬೇಕೆಂದು 2004ರಲ್ಲಿ ಕಾನೂನು ಮಾಡಲಾಯಿತು.

ಆರಂಭಿಕ ಇತಿಹಾಸ

ಡಚ್ ಜಲ ಪರಿಣತಿಯ ವಿದೇಶ ಪಯಣ ವಸಾಹತು ಕಾಲದಲ್ಲೇ ಆರಂಭವಾಯಿತು. 17ನೆಯ ಶತಮಾನದಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯು ಜಾವಾದ ಬಟೇವಿಯಾ ನಗರವನ್ನು (ಇಂದಿನ ಜಕಾರ್ತ) ತಾಯ್ನಾಡಿನ ನಗರಗಳಂತೆಯೇ ಕಾಲುವೆಗಳ ಜಾಲದ ನಡುವೆ ಕಟ್ಟಿತು. ಉಷ್ಣವಲಯದ ಹವೆಯಲ್ಲಿ ಹೂಳು ತುಂಬಿ ನಿಂತ ಆ ಕಾಲುವೆಗಳು ರೋಗದ ನೆಲೆಗಳಾದವು. 19ನೆಯ ಶತಮಾನದ ಆರಂಭದಲ್ಲಿ ಗವರ್ನರ್ ಜನರಲ್ ಡಾಂಡೆಲ್ಸ್ ಆಡಳಿತ ಕೇಂದ್ರವನ್ನು ದಕ್ಷಿಣದ ಎತ್ತರದ ಪ್ರದೇಶಕ್ಕೆ ಸ್ಥಳಾಂತರಿಸಿದನು. ಒಂದು ನೆಲದಲ್ಲಿ ಯಶಸ್ವಿಯಾದ ವಿನ್ಯಾಸವು ಇನ್ನೊಂದು ಹವಾಮಾನದಲ್ಲಿ ಸೋಲಬಹುದು ಎಂಬುದಕ್ಕೆ ಇದು ಹಳೆಯ ನಿದರ್ಶನ.

ಸ್ವತಂತ್ರ ದೇಶವೊಂದು ತಾನಾಗಿ ಡಚ್ ತಜ್ಞರನ್ನು ಕರೆಸಿಕೊಂಡ ಪ್ರಮುಖ ಪ್ರಕರಣ ಮೇಜಿ ಯುಗದ ಜಪಾನಿನದು. 1872ರಲ್ಲಿ ಕಾರ್ನೆಲಿಸ್ ಯೋಹಾನ್ನೆಸ್ ವಾನ್ ಡೋರ್ನ್, 1873ರಲ್ಲಿ ಯೋಹಾನ್ನಿಸ್ ಡೆ ರೈಕೆ ಮತ್ತು ಜಾರ್ಜ್ ಆರ್ನಾಲ್ಡ್ ಎಷರ್ ಜಪಾನಿಗೆ ಬಂದರು. ಎಷರ್ ಪ್ರಸಿದ್ಧ ಚಿತ್ರ ಕಲಾವಿದ ಎಂ. ಸಿ. ಎಷರ್ ಅವರ ತಂದೆ. ಡೆ ರೈಕೆ ಸುಮಾರು ಮೂವತ್ತು ವರ್ಷ ಅಲ್ಲಿಯೇ ಕೆಲಸ ಮಾಡಿದರು. ನಗೋಯಾ ಬಳಿ ಪರಸ್ಪರ ಹೆಣೆದುಕೊಂಡು ಹರಿಯುತ್ತಿದ್ದ ಕಿಸೊ, ನಗರಾ ಮತ್ತು ಇಬಿ ನದಿಗಳನ್ನು ಬೇರ್ಪಡಿಸಿದ ಕಾಮಗಾರಿ ಅವರ ಯೋಜನೆಯನ್ನು ಆಧರಿಸಿತ್ತು. ಜಪಾನಿನ ನದಿಗಳು ಡಚ್ ನದಿಗಳಂತೆ ನಿಧಾನವಾಗಿ ಹರಿಯದೆ ಬೆಟ್ಟಗಳಿಂದ ರಭಸವಾಗಿ ಹೂಳನ್ನು ಹೊತ್ತು ತರುತ್ತಿದ್ದುದರಿಂದ, ಅವರು ಕೆಳಹರಿವಿನ ಏರಿಗಳಷ್ಟೇ ಒತ್ತನ್ನು ಮೇಲ್ಭಾಗದ ಕಾಡು ಬೆಳೆಸುವಿಕೆ ಮತ್ತು ಮಣ್ಣು ತಡೆಯುವ ಒಡ್ಡುಗಳಿಗೂ ನೀಡಿದರು.

ಶಿಕ್ಷಣ ಮತ್ತು ತರಬೇತಿ

ಎರಡನೆಯ ಮಹಾಯುದ್ಧದ ನಂತರ ಸಹಕಾರದ ಮುಖ್ಯ ಮಾರ್ಗವಾದದ್ದು ಶಿಕ್ಷಣ. 1957ರಲ್ಲಿ ಡೆಲ್ಫ್ಟ್ ನಗರದಲ್ಲಿ ವಿದೇಶಿ ಎಂಜಿನಿಯರುಗಳಿಗಾಗಿ ಜಲ ಎಂಜಿನಿಯರಿಂಗ್‌ನ ಸ್ನಾತಕೋತ್ತರ ಕೋರ್ಸ್ ಆರಂಭವಾಯಿತು. ಪ್ರವಾಹದಿಂದ ತತ್ತರಿಸುತ್ತಿದ್ದ ಪೂರ್ವ ಪಾಕಿಸ್ತಾನದ (ಇಂದಿನ ಬಾಂಗ್ಲಾದೇಶ) ಕೋರಿಕೆ ಅದರ ಹಿನ್ನೆಲೆಯಲ್ಲಿತ್ತು. ಈ ಸಂಸ್ಥೆ 2003ರಲ್ಲಿ ಯುನೆಸ್ಕೊ-ಐಎಚ್‌ಇ ಆಯಿತು. 2017ರಿಂದ ಐಎಚ್‌ಇ ಡೆಲ್ಫ್ಟ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. 160ಕ್ಕೂ ಹೆಚ್ಚು ದೇಶಗಳ ವಿದ್ಯಾರ್ಥಿಗಳು ಇಲ್ಲಿ ಕಲಿತಿದ್ದು, ಏಷ್ಯಾ ಮತ್ತು ಆಫ್ರಿಕಾಗಳ ನೀರಾವರಿ ಹಾಗೂ ನೀರು ಪೂರೈಕೆ ಇಲಾಖೆಗಳಲ್ಲಿ ಹೊಣೆಯ ಸ್ಥಾನಗಳಲ್ಲಿದ್ದಾರೆ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯದ ಮಾಹಿತಿಯನ್ನು ಸಂಗ್ರಹಿಸಿ ಹಂಚುವ ಐಆರ್‌ಸಿ ಸಂಸ್ಥೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ 1968ರಲ್ಲಿ ಸ್ಥಾಪಿಸಲಾಯಿತು.

ತ್ಯಾಜ್ಯನೀರಿನ ತಂತ್ರಜ್ಞಾನಗಳು

ನೆದರ್‌ಲ್ಯಾಂಡ್ಸ್‌ನಲ್ಲಿ ರೂಪುಗೊಂಡು ಹೊರದೇಶಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದ ಶುದ್ಧೀಕರಣ ವಿಧಾನಗಳಲ್ಲಿ ನಾಲ್ಕು ಮುಖ್ಯವಾದವು.

ಆಕ್ಸಿಡೇಶನ್ ಡಿಚ್: ಆಲೆ ಪಾಸ್‌ವೇರ್ 1954ರಲ್ಲಿ ವೋರ್‌ಸ್ಖೋಟನ್ ಎಂಬಲ್ಲಿ ಮೊದಲು ನಿರ್ಮಿಸಿದ ಅಂಡಾಕಾರದ ಕಾಲುವೆ. ತಿರುಗುವ ಬ್ರಶ್‌ಗಳು ನೀರಿಗೆ ಗಾಳಿ ಬೆರೆಸುತ್ತ ಅದನ್ನು ಸುತ್ತಿಸುತ್ತವೆ. ನಿರ್ಮಾಣ ಸರಳವಾದ್ದರಿಂದ ಸಣ್ಣ ಊರುಗಳಿಗೆ ಇದು ಹೊಂದಿಕೆಯಾಯಿತು.

ಯುಎಎಸ್‌ಬಿ: ವಾಗನಿಂಗನ್‌ನ ಖಾಟ್ಸೆ ಲೆಟಿಂಗಾ ಮತ್ತು ಸಂಗಡಿಗರು 1970ರ ದಶಕದಲ್ಲಿ ರೂಪಿಸಿದ ಆಮ್ಲಜನಕರಹಿತ ವಿಧಾನ. ತೊಟ್ಟಿಯ ತಳದಿಂದ ಮೇಲಕ್ಕೆ ಹರಿಯುವ ಮಲಿನ ನೀರು ಸೂಕ್ಷ್ಮಾಣುಜೀವಿಗಳಿಂದ ಕೂಡಿದ ದಟ್ಟವಾದ ಕೆಸರಿನ ಪದರವನ್ನು ಹಾದುಹೋಗುತ್ತದೆ. ಅಲ್ಲಿ ಸಾವಯವ ಕೊಳೆ ವಿಭಜನೆಗೊಂಡು ಮೀಥೇನ್ ಇರುವ ಜೈವಿಕ ಅನಿಲ ಉಂಟಾಗುತ್ತದೆ. ತೊಟ್ಟಿಯ ಮೇಲ್ಭಾಗದಲ್ಲಿರುವ ವಿಭಾಜಕವು ಅನಿಲ, ನೀರು ಮತ್ತು ಕೆಸರನ್ನು ಬೇರೆ ಮಾಡುತ್ತದೆ. ಗಾಳಿ ಊದುವ ಯಂತ್ರಗಳು ಬೇಡವಾದ್ದರಿಂದ ವಿದ್ಯುತ್ ಖರ್ಚು ಕಡಿಮೆ, ಉಳಿಯುವ ಕೆಸರೂ ಕಡಿಮೆ. ಮೊದಲು ಸಕ್ಕರೆ ಕಾರ್ಖಾನೆಯಂತಹ ಉದ್ಯಮಗಳ ನೀರಿಗೆ ಬಳಸಿದ ಈ ವಿಧಾನವು ಮನೆಗಳ ಕೊಳಚೆ ನೀರಿಗೆ ಯುರೋಪಿನ ಚಳಿಯಲ್ಲಿ ಅಷ್ಟಾಗಿ ಒಗ್ಗಲಿಲ್ಲ. ನೀರು ಸದಾ ಬೆಚ್ಚಗಿರುವ ಉಷ್ಣವಲಯದಲ್ಲಿ ಒಗ್ಗಿತು. 1980ರ ದಶಕದಲ್ಲಿ ಕೊಲಂಬಿಯಾದ ಕಾಲಿ ನಗರದಲ್ಲಿ ಇದರ ಪ್ರಯೋಗ ನಡೆಯಿತು. ಬಡ ದೇಶಗಳೂ ನಿರಾತಂಕವಾಗಿ ಬಳಸುವಂತಾಗಲೆಂದು ಲೆಟಿಂಗಾ ಇದಕ್ಕೆ ಪೇಟೆಂಟ್ ಪಡೆಯಲಿಲ್ಲ. 2009ರಲ್ಲಿ ಅವರಿಗೆ ಸಿಂಗಪುರದ ಲೀ ಕ್ವಾನ್ ಯೂ ಜಲ ಪ್ರಶಸ್ತಿ ದೊರೆಯಿತು.

ಅನಾಮಾಕ್ಸ್: ಸಾವಯವ ಇಂಗಾಲದ ಅಗತ್ಯವಿಲ್ಲದೆ ಅಮೋನಿಯಂ ಮತ್ತು ನೈಟ್ರೈಟ್‌ಗಳನ್ನು ನೇರವಾಗಿ ಸಾರಜನಕ ಅನಿಲವಾಗಿಸುವ ಬ್ಯಾಕ್ಟೀರಿಯಾಗಳನ್ನು ಬಳಸುವ ವಿಧಾನ. ಮೊದಲ ಪೂರ್ಣ ಪ್ರಮಾಣದ ಘಟಕ 2002ರಲ್ಲಿ ರೋಟರ್‌ಡ್ಯಾಮ್‌ನ ಡೋಕ್‌ಹಾವನ್‌ನಲ್ಲಿ ಆರಂಭವಾಯಿತು.

ನೆರೆಡಾ: ಡೆಲ್ಫ್ಟ್‌ನ ಮಾರ್ಕ್ ವಾನ್ ಲೂಸ್‌ಡ್ರೆಕ್ಟ್ ಅವರ ಸಂಶೋಧನೆಯನ್ನು ಆಧರಿಸಿದ್ದು. ಸೂಕ್ಷ್ಮಾಣುಜೀವಿಗಳು ಸಡಿಲ ಕೆಸರಾಗಿರದೆ ಗಟ್ಟಿಯಾದ ಸಣ್ಣ ಹರಳುಗಳಾಗಿ ಬೆಳೆದು ಬೇಗನೆ ತಳಕ್ಕಿಳಿಯುವುದರಿಂದ ಪ್ರತ್ಯೇಕ ತಿಳಿಗೊಳಿಸುವ ತೊಟ್ಟಿಗಳು ಬೇಕಾಗುವುದಿಲ್ಲ. ಜಾಗವೂ ವಿದ್ಯುತ್ತೂ ಉಳಿಯುತ್ತವೆ. ಊರಿನ ಕೊಳಚೆ ನೀರಿಗೆ ಇದರ ಆರಂಭಿಕ ಘಟಕವೊಂದು ದಕ್ಷಿಣ ಆಫ್ರಿಕಾದ ಖಾನ್ಸ್‌ಬಾಯ್‌ನಲ್ಲಿ ಕೆಲಸ ಆರಂಭಿಸಿದ ಬಳಿಕ, 2012ರಲ್ಲಿ ನೆದರ್‌ಲ್ಯಾಂಡ್ಸ್‌ನ ಎಪೆ ಪಟ್ಟಣದ ಘಟಕದ ಉದ್ಘಾಟನೆಯಾಯಿತು. ಡಬ್ಲಿನ್ ನಗರದ ರಿಂಗ್ಸೆಂಡ್ ಘಟಕದಲ್ಲೂ ಇದನ್ನು ಅಳವಡಿಸಲಾಗಿದೆ. ಯುಎಎಸ್‌ಬಿಗೆ ವಿರುದ್ಧವಾಗಿ ಇದು ಹಕ್ಕುಸ್ವಾಮ್ಯದ ವಾಣಿಜ್ಯ ತಂತ್ರಜ್ಞಾನ.

ನೀರು ಪೂರೈಕೆ ಸಂಸ್ಥೆಗಳ ಸಹಭಾಗಿತ್ವ

ನೀರು ಪೂರೈಕೆ ಸಂಸ್ಥೆಯೊಂದರ ಸಿಬ್ಬಂದಿ ಇನ್ನೊಂದು ದೇಶದ ಸಮಾನ ಸಂಸ್ಥೆಯ ಸಿಬ್ಬಂದಿಯೊಡನೆ ಲಾಭದ ಉದ್ದೇಶವಿಲ್ಲದೆ ದೀರ್ಘಕಾಲ ಕೆಲಸ ಮಾಡುವ ಪದ್ಧತಿಗೆ ಜಲ ನಿರ್ವಾಹಕರ ಸಹಭಾಗಿತ್ವ ಎಂದು ಹೆಸರು. ನೆದರ್‌ಲ್ಯಾಂಡ್ಸ್‌ನಲ್ಲಿ ವಿಟೆನ್ಸ್ ಮತ್ತು ಎವಿಡೆಸ್ ಕಂಪನಿಗಳ ವಿಇಐ ಸಂಸ್ಥೆ ಹಾಗೂ ಆಮ್ಸ್ಟರ್‌ಡ್ಯಾಮ್‌ನ ವಾಟರ್‌ನೆಟ್‌ನ ಅಂತರರಾಷ್ಟ್ರೀಯ ವಿಭಾಗ ಈ ಕೆಲಸದಲ್ಲಿವೆ. ಕೊಳವೆಗಳ ಸೋರಿಕೆ ಪತ್ತೆ, ಮೀಟರ್ ಅಳವಡಿಕೆ, ಬಿಲ್ ವಸೂಲಿ ಮತ್ತು ನೀರಿನ ಗುಣಮಟ್ಟದ ಪರೀಕ್ಷೆಯಂತಹ ದೈನಂದಿನ ಕೆಲಸಗಳ ಸುಧಾರಣೆಯೇ ಇದರ ತಿರುಳು. ಮೊಜಾಂಬಿಕ್‌ನ ಷೊಕ್ವೆ, ಶಾಯ್-ಶಾಯ್, ಇನ್‌ಹಂಬಾನೆ ಮತ್ತು ಮಶಿಶೆ ಪಟ್ಟಣಗಳಲ್ಲಿ 2000ರ ದಶಕದ ಮಧ್ಯಭಾಗದಿಂದ ನಡೆದ ಕೆಲಸವು ಈ ಪದ್ಧತಿಯ ಆರಂಭಿಕ ಉದಾಹರಣೆಗಳಲ್ಲಿ ಒಂದು.

ಘಾನಾದ ಅನುಭವ ಬೇರೆಯಾಗಿತ್ತು. ಅಲ್ಲಿನ ನಗರಗಳ ನೀರು ಪೂರೈಕೆಯ ನಿರ್ವಹಣೆಯನ್ನು ವಿಶ್ವಬ್ಯಾಂಕ್ ನೆರವಿನ ಯೋಜನೆಯಡಿ ವಿಟೆನ್ಸ್ ಮತ್ತು ದಕ್ಷಿಣ ಆಫ್ರಿಕಾದ ರಾಂಡ್ ವಾಟರ್ ಸೇರಿ ರಚಿಸಿದ ಆಕ್ವಾ ವಿಟೆನ್ಸ್ ರಾಂಡ್ ಕಂಪನಿಗೆ 2006ರಲ್ಲಿ ಐದು ವರ್ಷಗಳ ಗುತ್ತಿಗೆಯಾಗಿ ನೀಡಲಾಯಿತು. ಲೆಕ್ಕಕ್ಕೆ ಸಿಗದ ನೀರಿನ ಪ್ರಮಾಣವನ್ನು ತಗ್ಗಿಸುವ ಗುರಿ ಈಡೇರಲಿಲ್ಲ. ಕಾರ್ಮಿಕ ಸಂಘಟನೆಗಳು ಮತ್ತು ನಾಗರಿಕ ಗುಂಪುಗಳು ಖಾಸಗೀಕರಣವೆಂದು ವಿರೋಧಿಸಿದ ಈ ಗುತ್ತಿಗೆಯನ್ನು 2011ರಲ್ಲಿ ಸರ್ಕಾರ ನವೀಕರಿಸಲಿಲ್ಲ. ತನ್ನ ದೇಶದಲ್ಲಿ ನೀರಿನ ಖಾಸಗೀಕರಣವನ್ನು ಕಾನೂನಿನಿಂದ ತಡೆದ ನೆದರ್‌ಲ್ಯಾಂಡ್ಸ್‌ನ ಸಾರ್ವಜನಿಕ ಕಂಪನಿಯೊಂದು ಹೊರದೇಶದಲ್ಲಿ ಖಾಸಗಿ ಗುತ್ತಿಗೆದಾರನ ಪಾತ್ರ ವಹಿಸಿದ್ದು ಚರ್ಚೆಗೆ ಕಾರಣವಾಯಿತು.

ಜಲಮಂಡಳಿಗಳು ಮತ್ತು ಎರಡು ಸಚಿವಾಲಯಗಳು ಸೇರಿ 2018ರಲ್ಲಿ ಬ್ಲೂ ಡೀಲ್ ಎಂಬ ಕಾರ್ಯಕ್ರಮವನ್ನು ಆರಂಭಿಸಿದವು. 2030ರ ಒಳಗೆ 40 ಜಲಾನಯನ ಪ್ರದೇಶಗಳಲ್ಲಿ 2 ಕೋಟಿ ಜನರಿಗೆ ಸಾಕಷ್ಟು, ಶುದ್ಧ ಮತ್ತು ಸುರಕ್ಷಿತ ನೀರು ಸಿಗುವಂತೆ ಮಾಡುವುದು ಇದರ ಗುರಿ. ಕೊಲಂಬಿಯಾ, ಪೆರು, ಇಥಿಯೋಪಿಯಾ, ಮೊಜಾಂಬಿಕ್, ದಕ್ಷಿಣ ಆಫ್ರಿಕಾ ಮತ್ತು ವಿಯೆಟ್ನಾಂ ಇದರ ಪಾಲುದಾರ ದೇಶಗಳಲ್ಲಿ ಸೇರಿವೆ.

ಮುಖಜಭೂಮಿಗಳ ಯೋಜನೆಗಳು

1995ರಲ್ಲಿ ರೈನ್ ಮತ್ತು ಮ್ಯೂಸ್ ನದಿಗಳು ಉಕ್ಕಿ ಸುಮಾರು ಎರಡೂವರೆ ಲಕ್ಷ ಜನರನ್ನು ಸ್ಥಳಾಂತರಿಸಬೇಕಾಯಿತು. ಏರಿಗಳನ್ನು ಇನ್ನಷ್ಟು ಎತ್ತರಿಸುವುದಕ್ಕೆ ಬದಲಾಗಿ ನದಿಗೆ ಹರಡಿಕೊಳ್ಳಲು ಜಾಗ ಕೊಡುವ 'ನದಿಗೆ ಜಾಗ' ಎಂಬ ಕಾರ್ಯಕ್ರಮ ಇದರಿಂದ ಹುಟ್ಟಿತು. ಸುಮಾರು 230 ಕೋಟಿ ಯೂರೊ ವೆಚ್ಚದಲ್ಲಿ 30ಕ್ಕೂ ಹೆಚ್ಚು ಸ್ಥಳಗಳಲ್ಲಿ ಇದು ಜಾರಿಯಾಯಿತು. ನೈಮೇಗನ್ ನಗರದ ಎದುರು ಏರಿಯನ್ನು 350 ಮೀಟರ್ ಹಿಂದಕ್ಕೆ ಸರಿಸಲು ಸುಮಾರು 50 ಮನೆಗಳನ್ನು ತೆರವುಗೊಳಿಸಲಾಯಿತು. ಓವರ್‌ಡೀಪ್ಸೆ ಪೋಲ್ಡರ್‌ನಲ್ಲಿ ರೈತರ ಮನೆಗಳನ್ನು ಎತ್ತರದ ದಿಬ್ಬಗಳ ಮೇಲೆ ಮರುನಿರ್ಮಿಸಲಾಯಿತು. ನಂತರದ ವರ್ಷಗಳಲ್ಲಿ ಡಚ್ ತಜ್ಞರು ಹೊರದೇಶಗಳಲ್ಲಿ ಹೆಚ್ಚಾಗಿ ಪ್ರತಿಪಾದಿಸಿದ್ದು ಈ ಚಿಂತನೆಯನ್ನೇ.

ವಿಯೆಟ್ನಾಂನ ಮೆಕಾಂಗ್ ಮುಖಜಭೂಮಿ ಯೋಜನೆ (2013) ಮತ್ತು 2018ರಲ್ಲಿ ಅನುಮೋದನೆಗೊಂಡ ಬಾಂಗ್ಲಾದೇಶ ಡೆಲ್ಟಾ ಯೋಜನೆ 2100 ಡಚ್ ಸಹಯೋಗದಲ್ಲಿ ಸಿದ್ಧವಾದವು. 2005ರ ಕತ್ರೀನಾ ಚಂಡಮಾರುತದ ನಂತರ ನ್ಯೂ ಆರ್ಲಿಯನ್ಸ್‌ನಲ್ಲೂ 2012ರ ಸ್ಯಾಂಡಿ ಚಂಡಮಾರುತದ ನಂತರ ನ್ಯೂಯಾರ್ಕ್ ಪ್ರದೇಶದಲ್ಲೂ ಡಚ್ ತಜ್ಞರು ಸಲಹೆ ನೀಡಿದರು. 2015ರಲ್ಲಿ ಹೆಂಕ್ ಓವಿಂಕ್ ಅವರನ್ನು ಅಂತರರಾಷ್ಟ್ರೀಯ ಜಲ ವ್ಯವಹಾರಗಳ ವಿಶೇಷ ರಾಯಭಾರಿಯಾಗಿ ನೇಮಿಸಲಾಯಿತು. 2023ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಜಲ ಸಮ್ಮೇಳನಕ್ಕೆ ನೆದರ್‌ಲ್ಯಾಂಡ್ಸ್ ಮತ್ತು ತಜಿಕಿಸ್ತಾನ ಜಂಟಿ ಆತಿಥೇಯ ದೇಶಗಳಾಗಿದ್ದವು.

ಭಾರತದೊಂದಿಗೆ ಸಹಕಾರ

ಕಾನ್ಪುರ ಮತ್ತು ಮಿರ್ಜಾಪುರ

ಗಂಗಾ ಕ್ರಿಯಾ ಯೋಜನೆಯ ಅಂಗವಾಗಿ ಭಾರತ-ಡಚ್ ಯೋಜನೆಯೊಂದನ್ನು ಉತ್ತರ ಪ್ರದೇಶದ ಕಾನ್ಪುರ ಮತ್ತು ಮಿರ್ಜಾಪುರಗಳಲ್ಲಿ ಕೈಗೊಳ್ಳಲಾಯಿತು. 1989ರಲ್ಲಿ ಕಾನ್ಪುರದ ಜಾಜ್‌ಮವುದಲ್ಲಿ ದಿನಕ್ಕೆ 50 ಲಕ್ಷ ಲೀಟರ್ ಸಾಮರ್ಥ್ಯದ ಯುಎಎಸ್‌ಬಿ ಪ್ರಾತ್ಯಕ್ಷಿಕೆ ಘಟಕ ಆರಂಭವಾಯಿತು. ಅದರ ಫಲಿತಾಂಶದ ಆಧಾರದ ಮೇಲೆ ಚರ್ಮ ಹದ ಮಾಡುವ ಕಾರ್ಖಾನೆಗಳ ನೀರು ಮತ್ತು ಮನೆಗಳ ಕೊಳಚೆ ನೀರನ್ನು ಬೆರೆಸಿ ಶುದ್ಧೀಕರಿಸುವ 3.6 ಕೋಟಿ ಲೀಟರ್ ಸಾಮರ್ಥ್ಯದ ಘಟಕವನ್ನೂ, ಮಿರ್ಜಾಪುರದಲ್ಲಿ 1.4 ಕೋಟಿ ಲೀಟರ್ ಸಾಮರ್ಥ್ಯದ ಘಟಕವನ್ನೂ ನಿರ್ಮಿಸಲಾಯಿತು. ಮುಂದೆ ಜಪಾನ್ ನೆರವಿನ ಯಮುನಾ ಕ್ರಿಯಾ ಯೋಜನೆಯಲ್ಲಿ ಹರ್ಯಾಣ ಮತ್ತು ಉತ್ತರ ಪ್ರದೇಶದ ಹಲವು ನಗರಗಳು ಇದೇ ವಿಧಾನವನ್ನು ಆರಿಸಿಕೊಂಡವು. ಇದರಿಂದಾಗಿ ಮನೆಗಳ ಕೊಳಚೆ ನೀರಿಗೆ ಯುಎಎಸ್‌ಬಿಯನ್ನು ಅತಿ ಹೆಚ್ಚು ಬಳಸಿದ ದೇಶಗಳಲ್ಲಿ ಭಾರತವೂ ಒಂದಾಯಿತು.

ಇದರ ಫಲಿತಾಂಶ ಮಿಶ್ರವಾಗಿತ್ತು. ಯುಎಎಸ್‌ಬಿ ತೊಟ್ಟಿ ಸಾವಯವ ಕೊಳೆಯ ಬಹುಭಾಗವನ್ನು ತೆಗೆಯುತ್ತದೆಯಾದರೂ ರೋಗಾಣುಗಳನ್ನು ಸಾಕಷ್ಟು ತೆಗೆಯುವುದಿಲ್ಲ. ಅದರ ನಂತರ ಇನ್ನೊಂದು ಹಂತದ ಶುದ್ಧೀಕರಣ ಬೇಕು. ಅನೇಕ ಕಡೆ ಈ ಹಂತಕ್ಕೆಂದು ನಿರ್ಮಿಸಿದ ಕೊಳಗಳು ಹೂಳು ತುಂಬಿ ನಿರುಪಯುಕ್ತವಾದವು. ಚರ್ಮೋದ್ಯಮದ ನೀರಿನಲ್ಲಿರುವ ಸಲ್ಫೇಟ್ ತೊಟ್ಟಿಯೊಳಗೆ ಹೈಡ್ರೋಜನ್ ಸಲ್ಫೈಡ್ ಆಗಿ ಮಾರ್ಪಟ್ಟು ಕಾಂಕ್ರೀಟ್ ಮತ್ತು ಯಂತ್ರಗಳನ್ನು ಕೊರೆಯಿತು. ವಿದ್ಯುತ್ ನಿಂತಾಗ ಕೊಳಚೆ ನೀರನ್ನು ಘಟಕಕ್ಕೆ ತರುವ ಪಂಪುಗಳೂ ನಿಂತು, ನೀರು ನೇರವಾಗಿ ನದಿ ಸೇರಿತು. ಕಾರ್ಖಾನೆಗಳು ತಮ್ಮಲ್ಲೇ ತಡೆಯಬೇಕಿದ್ದ ಕ್ರೋಮಿಯಂ ಪೂರ್ತಿಯಾಗಿ ತಡೆಯಲ್ಪಡದೆ, ಘಟಕದ ನೀರನ್ನು ಗದ್ದೆಗಳಿಗೆ ಹಾಯಿಸುತ್ತಿದ್ದ ಜಾಜ್‌ಮವು ಸುತ್ತಲಿನ ಹಳ್ಳಿಗಳ ಮಣ್ಣನ್ನು ಸೇರಿತು. ನಂತರದ ವರ್ಷಗಳಲ್ಲಿ ಹೊರಬಿಡುವ ನೀರಿನ ಮಾನದಂಡಗಳು ಬಿಗಿಯಾದಂತೆ ಹೊಸ ಘಟಕಗಳಲ್ಲಿ ಬೇರೆ ವಿಧಾನಗಳು ಪ್ರಚಲಿತವಾದವು. ತಂತ್ರಜ್ಞಾನದ ಜೊತೆಗೆ ಅದನ್ನು ನಡೆಸುವ ಹಣ, ವಿದ್ಯುತ್ ಮತ್ತು ಕಾನೂನಿನ ಪಾಲನೆ ಇರದಿದ್ದರೆ ವರ್ಗಾವಣೆ ಅಪೂರ್ಣವಾಗುತ್ತದೆ ಎಂಬುದಕ್ಕೆ ಕಾನ್ಪುರದ ಅನುಭವವನ್ನು ಉದಾಹರಿಸಲಾಗುತ್ತದೆ.

ಗಂಗಾವತಿ

ನೀರಾವರಿ ಪ್ರದೇಶಗಳಲ್ಲಿ ಅಂತರ್ಜಲ ಮೇಲೇರಿ ಉಪ್ಪು ನೆಲದ ಮೇಲ್ಮೈಗೆ ಬರುವ ಸಮಸ್ಯೆಯ ಕುರಿತು 1990ರ ದಶಕದಲ್ಲಿ ಭಾರತ-ಡಚ್ ಸಂಶೋಧನಾ ಜಾಲವೊಂದು ಕೆಲಸ ಮಾಡಿತು. ಕರ್ನಾಲ್‌ನ ಕೇಂದ್ರೀಯ ಮಣ್ಣಿನ ಲವಣತೆ ಸಂಶೋಧನಾ ಸಂಸ್ಥೆ ಇದರ ಕೇಂದ್ರವಾಗಿತ್ತು. ಆಂಧ್ರಪ್ರದೇಶ, ಗುಜರಾತ್, ರಾಜಸ್ಥಾನಗಳ ಕೃಷಿ ವಿಶ್ವವಿದ್ಯಾಲಯಗಳ ಜೊತೆಗೆ ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವು ತನ್ನ ಗಂಗಾವತಿ ಕೇಂದ್ರದ ಮೂಲಕ ಇದರಲ್ಲಿ ಪಾಲ್ಗೊಂಡಿತು. ತುಂಗಭದ್ರಾ ಅಚ್ಚುಕಟ್ಟಿನಲ್ಲಿರುವ ಗಂಗಾವತಿ ಸುತ್ತಲಿನ ಕಪ್ಪು ಮಣ್ಣಿನಲ್ಲಿ ಸವಳು-ಜವಳು ವ್ಯಾಪಕವಾಗಿದೆ. ನೆಲದಡಿಯಲ್ಲಿ ರಂಧ್ರಗಳಿರುವ ಕೊಳವೆಗಳನ್ನು ಹೂತು ಹೆಚ್ಚುವರಿ ನೀರನ್ನೂ ಅದರೊಡನೆ ಕರಗಿದ ಉಪ್ಪನ್ನೂ ಹೊರಕ್ಕೆ ಬಸಿಯುವುದು ಇಲ್ಲಿ ಅಧ್ಯಯನಗೊಂಡ ಮುಖ್ಯ ವಿಧಾನ.

ಇತ್ತೀಚಿನ ಯೋಜನೆಗಳು

2018ರ ಪ್ರವಾಹದ ನಂತರ ಕೇರಳ ಸರ್ಕಾರವು ಸಮುದ್ರಮಟ್ಟಕ್ಕಿಂತ ಕೆಳಗಿರುವ ಕುಟ್ಟನಾಡ್ ಪ್ರದೇಶಕ್ಕಾಗಿ 'ನದಿಗೆ ಜಾಗ' ಮಾದರಿಯತ್ತ ಆಸಕ್ತಿ ತೋರಿತು; 2019ರಲ್ಲಿ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ನೆದರ್‌ಲ್ಯಾಂಡ್ಸ್‌ಗೆ ಭೇಟಿ ನೀಡಿದರು. ಚೆನ್ನೈನಲ್ಲಿ 'ಸಾವಿರ ಕೆರೆಗಳ ನಗರ' ಎಂಬ ಡಚ್ ನೆರವಿನ ಯೋಜನೆಯು ಮಳೆನೀರು ಮತ್ತು ಶುದ್ಧೀಕರಿಸಿದ ಕೊಳಚೆ ನೀರನ್ನು ನೆಲಕ್ಕಿಂಗಿಸಿ ನೆರೆ ಮತ್ತು ಬರಗಳೆರಡನ್ನೂ ಎದುರಿಸುವ ಉದ್ದೇಶ ಹೊಂದಿದೆ. ಇದು ದೇವಾಲಯದ ಕಲ್ಯಾಣಿಗಳು ಮತ್ತು ಕೆರೆಗಳ ಸ್ಥಳೀಯ ಪರಂಪರೆಯನ್ನೇ ಆಧಾರವಾಗಿ ಇಟ್ಟುಕೊಂಡಿದೆ. ದೆಹಲಿಯ ಬಾರಾಪುಲ್ಲಾ ಚರಂಡಿಯ ನೀರನ್ನು ಮರುಬಳಕೆಗೆ ಸಿದ್ಧಪಡಿಸುವ ಸಂಶೋಧನಾ ಯೋಜನೆ 2017ರಲ್ಲಿ ಆರಂಭವಾಯಿತು. 2021ರ ಏಪ್ರಿಲ್‌ನಲ್ಲಿ ನಡೆದ ಪ್ರಧಾನಮಂತ್ರಿಗಳ ಆನ್‌ಲೈನ್ ಶೃಂಗಸಭೆಯಲ್ಲಿ ಉಭಯ ದೇಶಗಳು ನೀರಿನ ಕುರಿತು ಕಾರ್ಯತಂತ್ರದ ಸಹಭಾಗಿತ್ವವನ್ನು ಘೋಷಿಸಿದವು.

ಟೀಕೆಗಳು

ಡಚ್ ಮಾದರಿಯನ್ನು ಬೇರೆ ನೆಲಕ್ಕೆ ಹಾಗೆಯೇ ಒಯ್ಯುವುದರ ಅಪಾಯಕ್ಕೆ ಬಾಂಗ್ಲಾದೇಶದ ಕರಾವಳಿ ಪೋಲ್ಡರ್‌ಗಳು ಸಾಮಾನ್ಯವಾಗಿ ಉಲ್ಲೇಖಗೊಳ್ಳುತ್ತವೆ. 1960ರ ದಶಕದಲ್ಲಿ ಅಮೆರಿಕದ ನೆರವಿನಿಂದ ಆರಂಭವಾದ ಈ ಏರಿಗಳು ಡಚ್ ಪೋಲ್ಡರ್‌ಗಳ ಮಾದರಿಯಲ್ಲಿದ್ದವು. ಉಪ್ಪುನೀರನ್ನು ತಡೆದು ಭತ್ತದ ಇಳುವರಿ ಹೆಚ್ಚಿಸಿದರೂ, ಉಬ್ಬರದ ನೀರು ಹೊತ್ತು ತರುತ್ತಿದ್ದ ಹೂಳು ಗದ್ದೆಗಳಿಗೆ ಹರಡದೆ ನದಿಗಳ ತಳದಲ್ಲೇ ಸೇರಿತು. ನದಿ ಎತ್ತರವಾಗಿ ಗದ್ದೆ ತಗ್ಗಾಗಿ, ಮಳೆನೀರು ವರ್ಷಗಟ್ಟಲೆ ನಿಂತಿತು. 1990ರಲ್ಲಿ ಖುಲ್ನಾ ಬಳಿಯ ಬೀಲ್ ಡಾಕಾಟಿಯಾದಲ್ಲಿ ಗ್ರಾಮಸ್ಥರೇ ಏರಿಯನ್ನು ಕಡಿದು ಉಬ್ಬರದ ನೀರನ್ನು ಒಳಬಿಟ್ಟರು. ಹೂಳನ್ನು ಬೇಕೆಂದೇ ಒಳಕ್ಕೆ ಬಿಟ್ಟು ನೆಲವನ್ನು ಎತ್ತರಿಸುವ ಈ ಸ್ಥಳೀಯ ಜ್ಞಾನ 'ಉಬ್ಬರ ನದಿ ನಿರ್ವಹಣೆ' ಎಂಬ ಹೆಸರಿನಲ್ಲಿ ಮುಂದೆ ಸರ್ಕಾರಿ ಯೋಜನೆಗಳಲ್ಲೂ ಸ್ಥಾನ ಪಡೆಯಿತು.

ಜಕಾರ್ತದ ಕಡಲತೀರದಲ್ಲಿ ಗರುಡನ ಆಕಾರದ ದ್ವೀಪಗಳೊಡನೆ ಬೃಹತ್ ಸಮುದ್ರಗೋಡೆ ಕಟ್ಟುವ 2014ರ ಯೋಜನೆಯೂ ಟೀಕೆಗೆ ಗುರಿಯಾಯಿತು. ನಗರ ಕುಸಿಯಲು ಮುಖ್ಯ ಕಾರಣವಾದ ಅಂತರ್ಜಲದ ಅತಿಬಳಕೆಯನ್ನು ನಿಲ್ಲಿಸದೆ ಗೋಡೆ ಕಟ್ಟುವುದು ಪರಿಹಾರವಲ್ಲ, ಮೀನುಗಾರರು ನೆಲೆ ಕಳೆದುಕೊಳ್ಳುತ್ತಾರೆ ಎಂದು ಸ್ವಯಂಸೇವಾ ಸಂಸ್ಥೆಗಳು ವಾದಿಸಿದವು. ಅಭಿವೃದ್ಧಿ ನೆರವು ಮತ್ತು ಡಚ್ ಕಂಪನಿಗಳ ವ್ಯಾಪಾರ ಹಿತ ಒಂದರೊಳಗೊಂದು ಬೆರೆತಿವೆ ಎಂಬುದು ಇನ್ನೊಂದು ಆಕ್ಷೇಪ.

ನೆದರ್‌ಲ್ಯಾಂಡ್ಸ್‌ನ ಸ್ವಂತ ಸ್ಥಿತಿಯೂ ಪ್ರಶ್ನೆಗೆ ಒಳಗಾಗಿದೆ. ಕೃಷಿಯಿಂದ ಬರುವ ಸಾರಜನಕ ಮತ್ತು ಕೀಟನಾಶಕಗಳಿಂದಾಗಿ ಅಲ್ಲಿನ ಹೆಚ್ಚಿನ ಜಲಮೂಲಗಳು ಐರೋಪ್ಯ ಒಕ್ಕೂಟವು 2027ಕ್ಕೆ ನಿಗದಿಪಡಿಸಿದ ಗುಣಮಟ್ಟವನ್ನು ತಲುಪಿಲ್ಲ. ಕ್ರಮ ಕೈಗೊಳ್ಳದಿದ್ದರೆ 2030ರ ಹೊತ್ತಿಗೆ ದೇಶದ ಹತ್ತೂ ಕುಡಿಯುವ ನೀರಿನ ಕಂಪನಿಗಳು ಕೊರತೆ ಎದುರಿಸಬಹುದು ಎಂದು ರಾಷ್ಟ್ರೀಯ ಸಾರ್ವಜನಿಕ ಆರೋಗ್ಯ ಸಂಸ್ಥೆಯು 2023ರಲ್ಲಿ ಎಚ್ಚರಿಸಿತು. 2025ರಲ್ಲಿ ಡಚ್ ಸರ್ಕಾರ ಅಭಿವೃದ್ಧಿ ನೆರವನ್ನು ದೊಡ್ಡ ಪ್ರಮಾಣದಲ್ಲಿ ಕಡಿತಗೊಳಿಸುವುದಾಗಿ ಪ್ರಕಟಿಸಿದರೂ, ದೇಶದ ಹಿತಾಸಕ್ತಿಗೆ ಒತ್ತು ನೀಡುವ ಹೊಸ ನೀತಿಯಲ್ಲಿ ಜಲ ನಿರ್ವಹಣೆಯನ್ನು ಆದ್ಯತೆಯ ಕ್ಷೇತ್ರಗಳಲ್ಲಿ ಉಳಿಸಿಕೊಂಡಿತು.

ಇವನ್ನೂ ನೋಡಿ

ಗಂಗಾ ಕ್ರಿಯಾ ಯೋಜನೆ
ತ್ಯಾಜ್ಯನೀರಿನ ಶುದ್ಧೀಕರಣ
ತುಂಗಭದ್ರಾ ಅಣೆಕಟ್ಟು
ಕುಟ್ಟನಾಡ್
ಪೋಲ್ಡರ್